ಖಂಡೆ ಪೂಜೆಯ ದಿನ ಹಾಕಿದ ಅರ್ಜಿ

ಸಲಾಯಿನ್ ಬಾಟಲಿ ಖಾಲಿಯಾಗುವ ಹೊತ್ತನ್ನು ಕಾಯುವುದು ನರ್ಸ್ ಕೆಲಸದಲ್ಲಿ ಸಣ್ಣ ಸಂಗತಿ. ಕಾಯದೆ ಹೋದರೆ ಆಗುವ ತೊಂದರೆ ಸಣ್ಣದಲ್ಲ. ಬಾಟಲಿ ಬರಿದಾದ ಮೇಲೆ ರೋಗಿಯ ರಕ್ತ ನಳಿಕೆಯೊಳಗೆ ಹಿಂದಕ್ಕೆ ಏರುತ್ತದೆ, ಅಲ್ಲೇ ಹೆಪ್ಪುಗಟ್ಟುತ್ತದೆ, ಸೂಜಿ ಕೆಡುತ್ತದೆ. ಮತ್ತೆ ನರ ಹುಡುಕಿ ಚುಚ್ಚಬೇಕು. ನಿವೃತ್ತಳಾಗುವವರೆಗೆ ನಾನು ಈ ಭಾಗದ ಹಲವು ಊರುಗಳಲ್ಲಿ ಸಿಸ್ಟರಾಗಿದ್ದೆ. ಕೊನೆಯ ವರ್ಷಗಳು ಆಪರೇಷನ್ ಥಿಯೇಟರಿನಲ್ಲಿ ಕಳೆದವು. ಅದಕ್ಕೂ ಮೊದಲು ವಾರ್ಡಿನಲ್ಲಿದ್ದಾಗ, ಒಂದು ಮಂಚದ ಬಾಟಲಿ ಬದಲಿಸುವಷ್ಟರಲ್ಲಿ ಇನ್ನೊಂದು ಮಂಚದ ಕಡೆಯಿಂದ "ಸಿಸ್ಟರ್, ರಕ್ತ ಬರಾಕತ್ತದ್ರಿ" ಎಂಬ ಕೂಗು ಕೇಳಿಸುತ್ತಿತ್ತು.

ಇದಕ್ಕೆ ಉಪಾಯ ಹುಡುಕಿದವಳು ನನ್ನ ತಂಗಿಯ ಮಗಳು. ಬಸವಕಲ್ಯಾಣದಲ್ಲಿ ಇರುತ್ತಾಳೆ, ಡಿಪ್ಲೊಮಾ ಹುಡುಗರಿಗೆ ಮೆಕ್ಯಾನಿಕಲ್ ಪಾಠ ಹೇಳುತ್ತಾಳೆ. ಅವಳು ಯೋಚಿಸಿದ್ದು ನಳಿಕೆಯನ್ನು ತಾನಾಗಿಯೇ ಹಿಸುಕಿ ಮುಚ್ಚುವ ಒಂದು ಚಿಮಟ. ಅದಕ್ಕೆ ಕರೆಂಟು ಬೇಡ. ಬಾಟಲಿ ಒಂದು ಸ್ಪ್ರಿಂಗಿನ ಕೊಂಡಿಗೆ ತೂಗುತ್ತದೆ. ನೀರು ಇಳಿದಂತೆ ಬಾಟಲಿ ಹಗುರಾಗಿ ಕೊಂಡಿ ಮೇಲಕ್ಕೆ ಸರಿಯುತ್ತದೆ. ಕೊಂಡಿಯೊಂದಿಗೆ ಹಿತ್ತಾಳೆಯ ಒಂದು ಬಿಲ್ಲೆ ತಿರುಗುತ್ತದೆ. ಬಿಲ್ಲೆಯ ಅಂಚಿನಲ್ಲಿ ಎರಡು ಕಚ್ಚುಗಳಿವೆ. ಮೊದಲನೆಯದು ನಳಿಕೆಯನ್ನು ಅರ್ಧ ಹಿಸುಕಿ ಹನಿಯನ್ನು ನಿಧಾನ ಮಾಡುತ್ತದೆ, ಎರಡನೆಯದು ಪೂರ್ತಿ ಮುಚ್ಚುತ್ತದೆ. ಅಷ್ಟೇ.

ಇದನ್ನು ಲೋಹದಲ್ಲಿ ಮಾಡಿಕೊಟ್ಟವರು ಹುಮನಾಬಾದಿನ ಲೇತ್ ಅಂಗಡಿಯ ಉಸ್ತಾದರು. ಅವರ ಅಂಗಡಿ ನನ್ನ ಮನೆಯಿಂದ ಎರಡು ಓಣಿ ಆಚೆ ಇದೆ. ಕಾರ್ಖಾನೆಗಳ ಪಂಪು, ಕಬ್ಬಿನ ಟ್ರಾಲಿಗಳ ಕೀಲು, ಆಸ್ಪತ್ರೆಯ ಸ್ಟ್ರೆಚರಿನ ಗಾಲಿ, ಎಲ್ಲವೂ ಅವರ ಕೈಯಲ್ಲಿ ರಿಪೇರಿಯಾಗುತ್ತವೆ. ಅವರನ್ನು ಹುಡುಗಿಗೆ ಪರಿಚಯ ಮಾಡಿಸಿದ್ದು ನಾನೇ. ಅವಳು ಅವರನ್ನು ಚಾಚಾ ಎನ್ನುತ್ತಾಳೆ, ಅವರು ಅವಳನ್ನು ಬೇಟಿ ಎನ್ನುತ್ತಾರೆ, ನನ್ನನ್ನು ಅಕ್ಕ ಎಂಬ ಅರ್ಥದಲ್ಲಿ ಆಪಾ ಎನ್ನುತ್ತಾರೆ. ಪೇಟೆಂಟ್ ಅರ್ಜಿಯಲ್ಲಿ ಇಬ್ಬರ ಹೆಸರೂ ಬರಬೇಕೆಂದು ಮೊದಲ ದಿನವೇ ಮಾತಾಗಿತ್ತು.

ಪೇಟೆಂಟ್ ಎಂದರೆ ಏನೆಂದು ನನಗೆ ಆ ಹುಡುಗಿಯೇ ಕಲಿಸಿದಳು. ನಾನು ಇಷ್ಟು ವರ್ಷ ತೊಳೆದು, ಒರೆಸಿ, ಕುದಿಸಿ ಇಟ್ಟ ಸಾಮಾನುಗಳಲ್ಲಿ ಎಷ್ಟೋ ಯಾರದೋ ಪೇಟೆಂಟ್ ಆಗಿದ್ದವಂತೆ. ಕಂಪ್ಯೂಟರಿನಲ್ಲಿ ಆಸ್ಪತ್ರೆಗೆ ಸಂಬಂಧಿಸಿದವನ್ನು ಒಂದೊಂದಾಗಿ ತೆಗೆದು ತೋರಿಸಿದಳು. ಒಂದರಲ್ಲಿ ಸೂಜಿಯ ಮುಚ್ಚಳ, ಕೈಗೆ ಚುಚ್ಚದ ಹಾಗೆ ಮಡಚಿಕೊಳ್ಳುವಂಥದು. ಇನ್ನೊಂದರಲ್ಲಿ ರೋಗಿಗಳ ದಾಖಲೆ ಒಂದರೊಳಗೊಂದು ಬೆರೆಯದ ಹಾಗೆ ಕಂಪ್ಯೂಟರಿನೊಳಗೆ ಜೋಡಿಸಿಡುವ ಕ್ರಮ. ಮತ್ತೊಂದರಲ್ಲಿ ಟ್ರಾಲಿ ಹಿಂದಕ್ಕೆ ಉರುಳದಂತೆ ತಡೆಯುವ ಕೊಂಡಿ. ಪ್ರತಿಯೊಂದರ ಮೇಲೂ ಒಂದು ತಾರೀಖು. "ದೊಡ್ಡವ್ವ, ಎಲ್ಲಾಕಿಂತ ದೊಡ್ಡದು ಈ ತಾರೀಖು. ಇದಕ್ಕಿಂತ ಮೊದಲ ದುನಿಯಾದಾಗ ಎಲ್ಲೂ ಇದು ಬಯಲಾಗಿರಬಾರದು. ಆಗಿದ್ರ ನಮ್ಮದು ಹೊಸಾದಲ್ಲ ಅಂತ ಒಗೀತಾರ," ಎಂದಳು.

ಅಷ್ಟು ತಿಳಿದವಳು ಅರ್ಜಿಯನ್ನು ಮುಂದಕ್ಕೆ ಹಾಕಿದಳು. ಕಾರಣ ಎರಡು. ಒಂದು, ಎರಡನೆಯ ಕಚ್ಚು ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ಓರೆ ಮಾಡಿ ಇನ್ನಷ್ಟು ಆಳಕ್ಕೆ ಇಳಿಸಲು ಅವಳು ಫೋನಿನಲ್ಲಿ ಹೇಳಿದ್ದಳು. ಉಸ್ತಾದರು ನೀರಿನ ಬಾಟಲಿ ತೂಗುಹಾಕಿ, ನೋಡಿ ನೋಡಿ ಅರದಿಂದ ಉಜ್ಜಿ, ಕೊನೆಗೆ "ಈಗ ಬರಾಬ್ಬರ್ ಕುಂತದ" ಎಂದಿದ್ದರು. ಆ ಹೊಸ ಆಳವನ್ನು ಅಳೆದು ನಕ್ಷೆಗೆ ಹಾಕುವುದು ಬಾಕಿ ಇತ್ತು. ಎರಡನೆಯ ಕಾರಣ ನನ್ನ ತಂಗಿ. ವಿಜಯದಶಮಿಯ ದಿನವೇ ಅರ್ಜಿ ಹಾಕಬೇಕು ಎಂದು ಅವಳ ಹಟ. ಹಬ್ಬದ ದಿನ ಕಚೇರಿ ಮುಚ್ಚಿದ್ದರೂ ಕಂಪ್ಯೂಟರಿನಲ್ಲಿ ಅರ್ಜಿ ಬೀಳುತ್ತದಲ್ಲ, ಮತ್ತೇನು ಅಡ್ಡಿ ಎಂದಳು. ಸಿದ್ಧವಾದ ಕೆಲಸವನ್ನು ಸಿದ್ಧವಾದ ದಿನವೇ ಮುಗಿಸಬೇಕು ಎಂದು ನಾನು ಹೇಳಿದೆ. ತಾಯಿ ಮಗಳು ಇಬ್ಬರೂ ಕೇಳಲಿಲ್ಲ. ಬನ್ನಿಯ ದಿನ ಬೆಳಿಗ್ಗೆ ಹುಮನಾಬಾದಿಗೆ ಬಂದು, ಕಚ್ಚು ಅಳೆದು, ನಕ್ಷೆ ತಿದ್ದಿ, ಅರ್ಜಿ ಹಾಕುವುದು ಎಂದು ಗೊತ್ತಾಯಿತು.

ಬನ್ನಿಯ ಹಿಂದಿನ ದಿನ ಖಂಡೆ ಪೂಜೆ, ಅಂದರೆ ಆಯುಧ ಪೂಜೆ.

ನಮ್ಮ ಕಡೆ ಖಂಡೆ ಪೂಜೆಯನ್ನು ಉಸ್ತಾದರಷ್ಟು ಕಟ್ಟುನಿಟ್ಟಾಗಿ ಮಾಡುವವರನ್ನು ನಾನು ನೋಡಿಲ್ಲ. ಆ ಲೇತ್ ಮೊದಲು ಒಬ್ಬ ಕಮ್ಮಾರ ಯಜಮಾನರದಾಗಿತ್ತು. ಉಸ್ತಾದರು ಚಿಕ್ಕಂದಿನಲ್ಲಿ ಅವರ ಕೈಕೆಳಗೆ ಕೆಲಸ ಕಲಿತವರು. ಮಕ್ಕಳಿಲ್ಲದ ಯಜಮಾನರು ಸಾಯುವ ಮುಂಚೆ ಅಂಗಡಿಯನ್ನು ಇವರಿಗೆ ಒಪ್ಪಿಸುವಾಗ ಈ ಪೂಜೆಯ ಬಗ್ಗೆ ಮಾತು ತೆಗೆದುಕೊಂಡರು. ಪೂಜೆಯ ಹಿಂದಿನ ದಿನ ಪ್ರತಿಯೊಂದು ಸಾಮಾನನ್ನೂ ಬಿಚ್ಚಿ, ತೊಳೆದು, ಎಣ್ಣೆ ಹಚ್ಚಬೇಕು. ಪೂಜೆಯಾದ ಮೇಲೆ ಬನ್ನಿ ಹಂಚುವವರೆಗೆ ಒಂದನ್ನೂ ಮುಟ್ಟಬಾರದು. ಆ ದಿನ ಅಂಗಡಿಗೆ ಬಂದವರು ಯಾವ ಸಾಮಾನಿನ ಬಗ್ಗೆ ಕೇಳಿದರೂ ಹೇಳಿಕೊಡಬೇಕು, ಇಲ್ಲ ಎನ್ನಬಾರದು. ಉಸ್ತಾದರು ನಮಾಜು ಮುಗಿಸಿ ಬಂದು ಊದಿನಕಡ್ಡಿ ಹಚ್ಚುತ್ತಾರೆ. ಕಾಯಿ ಒಡೆಯಲು ಪಕ್ಕದ ಸೈಕಲ್ ಅಂಗಡಿಯವರನ್ನು ಕರೆಯುತ್ತಾರೆ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಅನ್ನಿಸುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾನು ಪ್ರಸಾದಕ್ಕೆಂದು ಅಂಗಡಿಗೆ ಹೋದೆ. ಪೂಜೆ ಮುಗಿದಿತ್ತು. ಮಣೆಯ ಮೇಲೆ ಬಿಳಿ ಬಟ್ಟೆ ಹಾಸಿ ಪಾನಾ, ಅರ, ಡ್ರಿಲ್ಲು, ಕ್ಯಾಲಿಪರ್ ಎಲ್ಲ ಸಾಲಾಗಿ ಇಟ್ಟಿದ್ದರು. ನಟ್ಟನಡುವೆ ನಮ್ಮ ಚಿಮಟ. ಅದೂ ಬಿಚ್ಚಿದ ಸ್ಥಿತಿಯಲ್ಲಿ. ಸ್ಪ್ರಿಂಗ್ ಬೇರೆ, ಕೊಂಡಿ ಬೇರೆ, ಬಿಲ್ಲೆ ಬೇರೆ. ಬಿಲ್ಲೆಯ ಮೇಲೆ ವಿಭೂತಿ, ಕುಂಕುಮ, ಒಂದು ದಪ್ಪ ಚೆಂಡು ಹೂವು.

"ಬರ್ರಿ ಆಪಾ, ಕುಂಡ್ರಿ. ನಿಮ್ಮ ಹುಡುಗಿ ಚಿಮಟಾ ಇವತ್ತು ಎಲ್ಲಾರಿಗಿಂತ ಮ್ಯಾಲ ಕುಂತದ ನೋಡ್ರಿ," ಎಂದು ಉಸ್ತಾದರು ಪೇಢೆಯ ಡಬ್ಬಿ ಮುಂದೆ ಹಿಡಿದರು.

ನಾನು ಪೇಢೆ ತೆಗೆದುಕೊಳ್ಳಲಿಲ್ಲ. "ಯಾರ್ಯಾರು ನೋಡಿದ್ರು?"

"ಬಂದವರೆಲ್ಲಾ ನೋಡಿದ್ರು. ಆ ಬಜಾರದ ಸರ್ಜಿಕಲ್ ಸಾಮಾನಿನವ ಬಂದಿದ್ದ. ಇದು ಹ್ಯಾಂಗ ನಡೀತದ ಅಂತ ಕೇಳ್ದ. ಪೂಜಾಕ್ಕ ಇಡೋಕ್ಕಿಂತ ಮೊದಲ ಬಿಲ್ಲೆ ಕೈಯಾಗ ಹಿಡದು ಎರಡೂ ಕಚ್ಚು ತೋರ್ಸಿ ಹೇಳ್ದೆ. ಫೋನ್‌ನಾಗ ತಕ್ಕೊಂಡಾನ. ಭಾಳ ಖುಷಿ ಆದ ಪಾಪ."

"ಫೋನ್‌ನಾಗ ತಕ್ಕೊಂಡು ಏನ್ ಮಾಡಿದ?"

"ಏನ್ ಮಾಡ್ತಾನ? ಸ್ಟೇಟಸ್ ಇಟ್ಟಾನಂತ. ಅವನ ಗ್ರೂಪಿಗೂ ಹಾಕ್ಯಾನ."

ಥಿಯೇಟರಿನಲ್ಲಿ ಹತ್ತಿಯುಂಡೆ, ಕತ್ತರಿಗಳ ಎಣಿಕೆ ತಪ್ಪಿದರೆ ಮುಚ್ಚಿಡದೆ ಆಗಲೇ ಹೇಳಬೇಕು. ಈಗಲೂ ಹಾಗೇ ಮಾಡಿದೆ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಹುಡುಗಿಗೆ ಫೋನ್ ಮಾಡಿದೆ. ಆದದ್ದನ್ನು ಆದ ಕ್ರಮದಲ್ಲಿ ಹೇಳಿದೆ. ಅವಳು ತಕ್ಷಣ ಫೋನ್ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮಾಡಿದಳು. ಪೇಟೆಂಟ್ ಅರ್ಜಿ ನೋಡಿಕೊಳ್ಳುವ ವಕೀಲರು ಹೈದರಾಬಾದಿನಲ್ಲಿದ್ದಾರೆ, ಅವರನ್ನು ಕೇಳಿದ್ದಳು. ವಿಡಿಯೊ ಇವತ್ತು ಹೊರಬಿದ್ದಿದೆ. ಅರ್ಜಿಯೂ ಇವತ್ತಿನ ತಾರೀಖಿನಲ್ಲೇ ಬಿದ್ದರೆ, ತಾರೀಖಿಗಿಂತ ಮೊದಲು ಬಯಲಾಗಿಲ್ಲ ಎಂದು ವಾದಿಸಬಹುದು. ನಾಳೆಯಾದರೆ ಬಾಗಿಲು ಮುಚ್ಚಿದಂತೆ.

"ಹಂಗಾದ್ರ ಈಗಿಂದೀಗ ಹಾಕು," ಎಂದೆ.

"ಯಾವುದು ಹಾಕ್ಲಿ ದೊಡ್ಡವ್ವ? ನನ್ನ ನಕ್ಷಾದಾಗ ಹಳೇ ಕಚ್ಚು ಅದ. ವಿಡಿಯೊದಾಗ ಹೊಸಾದು. ಹಳೇದಕ್ಕ ಅರ್ಜಿ ಹಾಕಿದ್ರ ಹೊಸಾದು ಊರ ಪಾಲು. ಆ ಕಚ್ಚು ಅಳದು ನಕ್ಷಾ ತಿದ್ದಬೇಕು. ಬಸ್ ಹಿಡದು ಬರಾಕತ್ತೀನಿ. ನೀವು ಬಿಲ್ಲೆ ತಕ್ಕೊಂಡು ಕುಂಡ್ರಿ."

ನಾನು ಒಳಗೆ ಬಂದು ಉಸ್ತಾದರಿಗೆ ವಿಷಯ ತಿಳಿಸಿದೆ. ಅವರ ಮುಖ ಇಳಿಯಿತು. ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಯಾ ಅಲ್ಲಾ. ನಾನೇ ಹುಡುಗಿ ಕೆಲಸ ಕೆಡಿಸ್ದೆನಾ?"

"ಕೆಟ್ಟಿಲ್ಲ ಇನ್ನೂ. ಆ ಬಿಲ್ಲೆ ಕೊಡ್ರಿ."

ಅವರು ಮಣೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಅದು ಮಾತ್ರ ಆಗಂಗಿಲ್ಲ ಆಪಾ."

"ಯಾಕ?"

"ಪೂಜಾ ಆಗ್ಯದ. ನಾಳೆ ಬನ್ನಿ ತನಕ ಮುಟ್ಟಾಂಗಿಲ್ಲ. ಯಜಮಾನ್ರಿಗೆ ಜಬಾನ್ ಕೊಟ್ಟೀನಿ. ಅಂದಿನಿಂದ ಇಂದಿನ ತನಕ ಒಮ್ಮೆನೂ ಮುಟ್ಟಿಲ್ಲ. ಒಂದು ವರ್ಷ ಕಾರ್ಖಾನೆ ಸಾಹೇಬ ಗಾಡಿ ಕಳಿಸಿ ಕೂತಿದ್ದ, ಪಂಪ್ ನಿಂತದ ಅಂತ. ಆಗಲೂ ಮುಟ್ಟಿಲ್ಲ. ಅವ ಬೈದು ಹೋದ, ಹೋಗ್ಲಿ ಅಂದೆ."

ನಾನು ಶಿಸ್ತಿನಲ್ಲೇ ಬದುಕಿದವಳು. ನಿಯಮ ಇರುವುದು ಅನುಕೂಲವಾದಾಗ ಪಾಲಿಸಲಿಕ್ಕಲ್ಲ, ಅದು ನನಗೂ ಗೊತ್ತು. ಆದ್ದರಿಂದ ಅವರೊಂದಿಗೆ ಜಗಳ ಮಾಡಲು ನನಗೆ ಬಾಯಿ ಬರಲಿಲ್ಲ. ಕಬ್ಬಿಣದ ಸ್ಟೂಲಿನ ಮೇಲೆ ಕುಳಿತೆ. ಅವರು ಎದುರಿಗೆ ನಿಂತೇ ಇದ್ದರು. ಹೊರಗೆ ಹೂವಿನ ಹಾರ ಹಾಕಿಕೊಂಡ ಲಾರಿಗಳು ಹಾರ್ನ್ ಬಾರಿಸುತ್ತ ಹೆದ್ದಾರಿಯ ಕಡೆ ಹೋಗುತ್ತಿದ್ದವು. ಸೈಕಲ್ ಅಂಗಡಿಯವರು ಬಾಗಿಲಲ್ಲಿ ಇಣುಕಿ, ನಮ್ಮಿಬ್ಬರ ಮುಖ ನೋಡಿ, ಏನೂ ಕೇಳದೆ ಹೋದರು.

ಹುಡುಗಿ ತಲುಪುವಷ್ಟರಲ್ಲಿ ಬಿಸಿಲು ಪಡುವಣಕ್ಕೆ ವಾಲಿತ್ತು. ಸಸ್ತಾಪುರ ಬಂಗ್ಲಾ ಸ್ಟಾಪಿನಲ್ಲಿ ಹಬ್ಬದ ಗದ್ದಲಕ್ಕೆ ಬಸ್ಸುಗಳು ನಿಲ್ಲದೆ ಹೋಗಿದ್ದವಂತೆ. ಕಡೆಗೆ ಯಾರದೋ ಟೆಂಪೊ ಹತ್ತಿ ಬಂದಿದ್ದಳು. ಹಬ್ಬದ ಸೀರೆಯ ಮೇಲೆ ಲ್ಯಾಪ್‌ಟಾಪಿನ ಚೀಲ. ಚಪ್ಪಲಿ ಬಿಟ್ಟವಳೇ ನೇರ ಮಣೆಯ ಹತ್ತಿರ ಬಂದು ಕೈ ಚಾಚಿದಳು.

"ನಿಲ್ಲು," ಎಂದೆ.

ಅವಳ ಕೈ ಗಾಳಿಯಲ್ಲೇ ನಿಂತಿತು. ಥಿಯೇಟರಿನ ದನಿ ನನ್ನಲ್ಲಿ ಇನ್ನೂ ಉಳಿದಿದೆ ಎಂದು ಆಗ ಗೊತ್ತಾಯಿತು. ಉಸ್ತಾದರ ಮಾತಿನ ಸಂಗತಿ ಹೇಳಿದೆ. ಅವಳು ಕೇಳಿಸಿಕೊಂಡಳು, ಆದರೆ ಕಣ್ಣು ಬಿಲ್ಲೆಯ ಮೇಲೇ ಇತ್ತು.

"ಚಾಚಾ, ಒಂದು ಖರೇ ಹೇಳ್ರಿ. ನಿನ್ನೆ ಎಣ್ಣಿ ಹಚ್ಚುವಾಗ ಯಾರಾದ್ರೂ ನೋಡ್ಯಾರೇನು?"

"ಇಲ್ಲ ಬೇಟಿ. ನಿನ್ನೆ ಶಟರ್ ಇಳಿಸಿ ಒಬ್ಬನೇ ಕುಂತು ಬಿಚ್ಚೀನಿ. ಇವತ್ತು ಕೇಳಿದವರಿಗೆ ಇಲ್ಲ ಅನ್ನಾಂಗಿಲ್ಲ ಅಂತ ಹೇಳ್ದೆ. ನಿನ್ನೆ ಕೇಳಿದ್ರ ಹೇಳ್ತಿರಲಿಲ್ಲ."

"ಇವತ್ತಿನ ಒಂದು ದಿನ ಸುಳ್ಳು ಹೇಳಿದ್ರ ಏನಾಗ್ತಿತ್ರಿ?" ಅವಳು ಹೆಗಲ ಚೀಲ ಇಳಿಸಿದಳು. "ಎಷ್ಟು ದಿನದ ಕೆಲಸ ಚಾಚಾ ಇದು. ನಿಮ್ಮ ಹೆಸರೂ ಅದರಾಗ ಅದ."

ಉಸ್ತಾದರು ಪೇಢೆಯ ಡಬ್ಬಿ ಮುಚ್ಚಿಟ್ಟರು.

ಮುಟ್ಟಬಾರದು ನಿಜ, ನೋಡಬಾರದು ಎಂದು ಯಾರೂ ಹೇಳಿಲ್ಲ. ಥಿಯೇಟರಿನಲ್ಲಿ ಕೈ ತೊಳೆಯದವರು ಶುದ್ಧ ತಟ್ಟೆಯನ್ನು ಮುಟ್ಟುವಂತಿಲ್ಲ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು ಎಲ್ಲ ನೋಡಬಹುದು. ನಾನು ಹಾಗೇ ಮಾಡಿಸಿದೆ. ಹುಡುಗಿ ತನ್ನ ಚೀಲದಲ್ಲಿದ್ದ ಉಕ್ಕಿನ ಸ್ಕೇಲನ್ನು ಬಟ್ಟೆಗೂ ತಾಗದಂತೆ ಬಿಲ್ಲೆಯ ಪಕ್ಕಕ್ಕೆ ಎತ್ತಿ ಹಿಡಿದಳು. ನಾನು ಫೋನಿನಲ್ಲಿ ಮೇಲಿನಿಂದ, ಎಡದಿಂದ, ಬಲದಿಂದ ಫೋಟೊ ತೆಗೆದೆ. ಉಸ್ತಾದರು ತಾವೇ ಟಾರ್ಚ್ ಹಿಡಿದರು. ಹೂವು ಎರಡನೆಯ ಕಚ್ಚಿನ ಮೇಲೇ ಕುಳಿತಿತ್ತು, ಕಂಡಷ್ಟು ಸಂದಿನಲ್ಲಿ ವಿಭೂತಿ ತುಂಬಿತ್ತು. ಹುಡುಗಿ ಫೋಟೊಗಳನ್ನು ಹೈದರಾಬಾದಿಗೆ ಕಳಿಸಿದಳು.

ವಕೀಲರ ಫೋನ್ ಬಂತು. ಅವಳು ಸ್ಪೀಕರ್ ಹಾಕಿದಳು. "ಮೇಡಂ, ಇದರಲ್ಲಿ ನನಗೆ ಹೂವು ಕಾಣುತ್ತದೆ, ಕಚ್ಚು ಕಾಣುವುದಿಲ್ಲ. ಓರೆ ಎಷ್ಟು, ಆಳ ಎಷ್ಟು, ಇದನ್ನೇ ಅಲ್ಲವೆ ನೀವು ಹೊಸದು ಎನ್ನುವುದು? ಅಂದಾಜಿನಿಂದ ಬರೆದರೆ ಮುಂದೆ ಅದೇ ನಿಮ್ಮ ಕುತ್ತಿಗೆಗೆ ಬರುತ್ತದೆ. ನಾನು ಕಾಯುತ್ತೇನೆ. ಆದರೆ ಇವತ್ತು ಮಾತ್ರ."

ಫೋನ್ ಇಟ್ಟ ಮೇಲೆ ಹುಡುಗಿ ನೆಲದ ಮೇಲೆ ಕುಳಿತುಬಿಟ್ಟಳು. ಅವಳು ಅಳಲಿಲ್ಲ. ಲ್ಯಾಪ್‌ಟಾಪ್ ತೆರೆದು ಹಳೆಯ ನಕ್ಷೆಯನ್ನು ನೋಡುತ್ತ ಕುಳಿತಳು. ಅದನ್ನು ನೋಡುವುದಕ್ಕಿಂತ ಅತ್ತಿದ್ದರೇ ನನಗೆ ಸಲೀಸಾಗುತ್ತಿತ್ತು.

"ಅಂದಾಜು ಹೇಳ್ಲೇನು ಬೇಟಿ? ನನ್ನ ಕೈಯಾಗ ಅದ ಅದು," ಎಂದರು ಉಸ್ತಾದರು.

"ನಿಮ್ಮ ಕೈಯಾಗ ಅದ ಚಾಚಾ, ಕಾಗದದ ಮ್ಯಾಲ ಹ್ಯಾಂಗ ಬರೀಲಿ?"

ಹಾಗೆ ನೋಡಿದರೆ ನಾನು ಮುಟ್ಟಬಹುದಿತ್ತು. ಮಾತು ಕೊಟ್ಟವಳು ನಾನಲ್ಲ. ಎದ್ದು ಹೂವು ಸರಿಸಿದ್ದರೆ ಉಸ್ತಾದರು ನನ್ನ ಕೈ ಹಿಡಿಯುತ್ತಿರಲಿಲ್ಲ. ಹುಡುಗಿಯೂ ಅದನ್ನೇ ಯೋಚಿಸಿ ನನ್ನ ಕಡೆ ನೋಡಿದಳು. ಆದರೆ ಅದು ಅವರ ಅಂಗಡಿ, ಅವರು ಇಟ್ಟ ಪೂಜೆ. ಅವರ ಕಣ್ಣೆದುರು ಕಿತ್ತುಕೊಂಡರೆ ಮಾತು ಮುರಿಯದೆ ಉಳಿಯುತ್ತದೆಯೆ? ನಾನು ಕುಳಿತಲ್ಲಿಂದ ಏಳಲಿಲ್ಲ. "ಉಸ್ತಾದ್ರೆ, ನೀವು ಹೇಳಿದಂಗ," ಎಂದೆ.

ಅವರು ಒಳಗಿನ ಕೋಣೆಗೆ ಹೋದರು. ನೀರಿನ ಸಪ್ಪಳ ಕೇಳಿಸಿತು. ಕೈ ಕಾಲು ತೊಳೆದು, ಟವೆಲ್ಲಿನಿಂದ ಒರೆಸಿಕೊಳ್ಳುತ್ತ ಬಂದರು. ಮಣೆಯ ಮುಂದೆ ಕುಳಿತರು.

"ಮುರಿಯೋದೇ ಅದಂದ್ರ ಕೊಟ್ಟವನೇ ಮುರೀಬೇಕು," ಎಂದರು. "ನೀವ್ಯಾರೂ ಮುಟ್ಟಬ್ಯಾಡ್ರಿ."

ಹೂವನ್ನು ತೆಗೆದು ಪಕ್ಕಕ್ಕೆ ಇಟ್ಟರು. ಬಿಲ್ಲೆಯನ್ನು ಎತ್ತಿ, ಬಾಯಿಂದ ಊದದೆ, ಬಟ್ಟೆಯ ತುದಿಯಿಂದ ವಿಭೂತಿ ಒರೆಸಿದರು. ಕುಂಕುಮದ ಬೊಟ್ಟನ್ನು ಮುಟ್ಟಲಿಲ್ಲ. ಕ್ಯಾಲಿಪರ್ ಕೂಡ ಪೂಜೆಯ ಸಾಲಿನಲ್ಲೇ ಇತ್ತು. ಅದನ್ನೂ ಅವರೇ ಎತ್ತಿದರು. ಅಳತೆ ಹೇಳುತ್ತ ಹೋದರು, ಹುಡುಗಿ ಬರೆದುಕೊಂಡಳು. ಅವರು ಹೇಳಿದ ಪ್ರತಿ ಅಂಕಿಯನ್ನೂ ನಾನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ, ಅವರು "ಹೌದ್ರಿ" ಎಂದ ಮೇಲೆಯೇ ಅವಳು ಮುಂದಕ್ಕೆ ಹೋದಳು. ಥಿಯೇಟರಿನಲ್ಲಿ ಸಾಮಾನಿನ ಎಣಿಕೆ ಹೀಗೇ ನಡೆಯುತ್ತದೆ. ಓರೆಯ ಅಳತೆ ಎರಡು ಸಲ ಬೇರೆ ಬೇರೆ ಬಂತು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕುಳಿತು ಮತ್ತೆ ಅಳೆದರು. ಮೂರನೆಯ ಸಲದ್ದು ಮೊದಲನೆಯದಕ್ಕೆ ಕೂಡಿಬಂತು. ನಾಲ್ಕನೆಯದೂ ಅದೇ ಬಂತು.

ಅವಳು ಅಲ್ಲೇ ನೆಲದ ಮೇಲೆ ನಕ್ಷೆ ತಿದ್ದಿದಳು, ಅದಕ್ಕೆ ತಕ್ಕಂತೆ ವಿವರಣೆಯ ಸಾಲುಗಳನ್ನು ಬದಲಿಸಿದಳು. ಉಸ್ತಾದರು ಬಿಲ್ಲೆಯನ್ನು ಹಿಂದಿನ ಜಾಗದಲ್ಲೇ ಇಟ್ಟು ಹೂವು ಏರಿಸಲು ಹೋದರು, ಮತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. ಹೂವು ಪಕ್ಕದಲ್ಲೇ ಉಳಿಯಿತು. ವಕೀಲರು ಎರಡು ಸಾಲು ತಿದ್ದಲು ಹೇಳಿದರು. ತಿದ್ದಿದಳು. ಬೀದಿದೀಪ ಹತ್ತಿದ ಮೇಲೆ ಅವರಿಂದ ಸಂದೇಶ ಬಂತು: ಅರ್ಜಿ ಸೇರಿದೆ, ನಂಬರು ಬಂದಿದೆ, ತಾರೀಖು ಇವತ್ತಿನದು. ಹುಡುಗಿ ಅದನ್ನು ಗಟ್ಟಿಯಾಗಿ ಓದಿ ಫೋನನ್ನು ಉಸ್ತಾದರ ಮುಂದೆ ಹಿಡಿದಳು. ಅವರು ನೋಡಿದರು, ತಲೆಯಾಡಿಸಿದರು, "ಅಲ್ಲಾನ ಶುಕ್ರ್ ಅದ," ಎಂದಷ್ಟೇ ಹೇಳಿ ಶಟರ್ ಎಳೆಯಲು ಕೊಕ್ಕೆ ಹುಡುಕಿದರು. ನಾವು ಹೊರಗೆ ಬಂದೆವು.

ಮರುದಿನ ಬನ್ನಿ. ಪ್ರತಿ ವರ್ಷ ಅವರು ಬನ್ನಿ ಎಲೆ ತಂದು ನನ್ನ ಕೈಗಿಟ್ಟು, ಬಂಗಾರದಂಗ ಇರೋಣ್ರಿ ಎಂದು ಹೇಳಿ, ಹೋಗಿ ಲೇತ್ ಚಾಲೂ ಮಾಡುತ್ತಿದ್ದರು. ಆ ವರ್ಷ ಬರಲಿಲ್ಲ. ಅಂಗಡಿಯೂ ಮುಚ್ಚಿತ್ತು. ತೀರಿಹೋದ ಯಜಮಾನರ ಹೆಂಡತಿ ಕೊಹಿನೂರು ಎಂಬ ಹಳ್ಳಿಯಲ್ಲಿ ತಮ್ಮ ಅಣ್ಣನ ಮಕ್ಕಳ ಜೊತೆ ಇದ್ದಾರೆ. ಉಸ್ತಾದರು ಅಲ್ಲಿಗೆ ಹೋಗಿದ್ದರು ಎಂದು ಸೈಕಲ್ ಅಂಗಡಿಯವರು ಹೇಳಿದರು. ಅಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದೆರಡು ದಿನ ಬಿಟ್ಟು ಲೇತಿನ ಸದ್ದು ಮತ್ತೆ ಓಣಿಗೆ ಕೇಳಿಸಿತು. ಸರ್ಜಿಕಲ್ ಸಾಮಾನಿನವನು ವಿಡಿಯೊ ತೆಗೆದುಹಾಕಿದ. ಅಷ್ಟರಲ್ಲಿ ಅದು ಎಷ್ಟು ಫೋನುಗಳಿಗೆ ಹೋಗಿತ್ತೋ ಗೊತ್ತಿಲ್ಲ.

ಆಮೇಲಿನದು ಕಾಯುವ ಕೆಲಸ. ಅರ್ಜಿ ಪರೀಕ್ಷೆಗೆ ಹೋಗುವುದು, ಅಲ್ಲಿಂದ ಆಕ್ಷೇಪಣೆ ಬರುವುದು, ಅದಕ್ಕೆ ಉತ್ತರ ಕೊಡುವುದು. ಹುಡುಗಿ ಬಸವಕಲ್ಯಾಣದಿಂದ ಬಂದಾಗಲೆಲ್ಲ ಅಂಗಡಿಗೆ ಹೋಗುತ್ತಿದ್ದಳು. ಇಬ್ಬರೂ ಕೆಲಸದ ಮಾತು ಆಡುತ್ತಿದ್ದರು. ಆ ದಿನದ ಮಾತು ಎತ್ತುತ್ತಿರಲಿಲ್ಲ. ಮೊದಲು ಉಸ್ತಾದರು ಅವಳನ್ನು ಗೇಲಿ ಮಾಡುತ್ತಿದ್ದರು, ನಿನಗೆ ಅರ ಹಿಡಿಯಾಕ ಬರಂಗಿಲ್ಲ, ಪಾಠ ಹೇಳಾಕ ಮಾತ್ರ ಬರ್ತದ ಎಂದು. ಅದು ನಿಂತುಹೋಗಿತ್ತು.

ಈ ವರ್ಷ ಪರೀಕ್ಷಕರ ವರದಿ ಬಂತು. ಅವಳು ಅದನ್ನು ತೆಗೆದುಕೊಂಡು ನೇರ ಅಂಗಡಿಗೇ ಬಂದಳು, ನನ್ನನ್ನೂ ಕರೆಸಿದಳು. ಎರಡು ಹಳೆಯ ವಿದೇಶಿ ಪೇಟೆಂಟುಗಳನ್ನು ಹೆಸರಿಸಿ, ನಿಮ್ಮದು ಇವುಗಳಿಗಿಂತ ಹೇಗೆ ಬೇರೆ ಎಂದು ಕೇಳಿದ್ದರು. ಅವುಗಳಲ್ಲಿ ಒಂದೇ ಕಚ್ಚು, ಓರೆಯೂ ಇಲ್ಲ. ಅದಕ್ಕೆ ಉತ್ತರ ಕೊಡಬಹುದು ಎಂದು ವಕೀಲರು ಹೇಳಿದ್ದರು. ನಾನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಸಾಲು ಹುಡುಕಿದೆ. ವಿಡಿಯೊದ ಮಾತು ಎಲ್ಲಿಯೂ ಇರಲಿಲ್ಲ. ಯಾರಾದರೂ ಇನ್ನೂ ಅದನ್ನು ಮುಂದಿಡಬಹುದು. ಇಟ್ಟರೆ ಆ ದಿನದ ತಾರೀಖು ನಮ್ಮ ಕೈಯಲ್ಲಿದೆ.

ಉಸ್ತಾದರು ಲೇತ್ ನಿಲ್ಲಿಸಿ ಕೈ ಒರೆಸಿಕೊಂಡರು. ಅವರಿಗೆ ಬೇಕಾದದ್ದು ಒಂದೇ. "ತಾರೀಖ್ ಉಳೀತೇನ್ ಬೇಟಿ?"

"ಉಳೀತು ಚಾಚಾ."

"ಪಕ್ಕಾ?"

"ಪಕ್ಕಾ. ಅದರ ಮ್ಯಾಲೇ ನಿಂತೀವಿ."

ಅವರು ಆಮೇಲೆ ಲೇತಿನ ಸ್ವಿಚ್ಚಿನ ಮೇಲೆ ಕೈ ಇಟ್ಟು, ಅವಳ ಕಡೆ ತಿರುಗಿ, "ಹಂಗಾರ ಈ ಸಲ ಖಂಡೆ ಪೂಜಾಕ್ಕ ನಿನ್ನ ಚಿಮಟಾ ನಿಮ್ಮ ಮನ್ಯಾಗ ಇಟ್ಕೊ. ಕೇಳಿದವರಿಗೆ ನಾ ಇಲ್ಲ ಅನ್ನಾಂಗಿಲ್ಲ, ನೋಡು," ಎಂದರು.

"ಇಟ್ಕೊಂಡ್ರ ನಮ್ಮವ್ವ ಪೂಜಾ ಮಾಡ್ತಾಳ್ರಿ ಚಾಚಾ. ಓಣಿ ಮಂದಿನೆಲ್ಲಾ ಕರೀತಾಳ."

"ಹಂಗಾರ ಆಪಾರ ಮನ್ಯಾಗ ಇಡು," ಎಂದರು ಅವರು. "ಅವರು ಯಾರನ್ನೂ ಒಳಗ ಬಿಡಾಂಗಿಲ್ಲ."

ಹುಡುಗಿ ನಕ್ಕಳು. ಲೇತ್ ತಿರುಗತೊಡಗಿತು.